ಅಂಜೂರದ ಹಣ್ಣು: ಅದರ ಸತ್ತ್ವಗಳೂ ಆರೋಗ್ಯಕ್ಕೆ ಅವುಗಳ ಉಪಯೋಗವೂ



ಆಲ, ಅರಳಿ, ಅತ್ತಿ ಈ ಮೂರು ವೃಕ್ಷಗಳನ್ನು ಅರಿಯದ ಗ್ರಾಮವಿಲ್ಲ. ಅಂಜೂರವೂ ಇವುಗಳ ಕುಲಕ್ಕೇ ಸೇರಿದುದು. ಇವುಗಳ ಹೂವು ಹೊರಗೆ ಕಾಣದೆ ಕಾಯಿಯ ಒಳಗೇ ಅಡಗಿರುವುದು. ಹಣ್ಣಿನ ತುದಿಯಲ್ಲಿ ಕಣ್ಣಿನಂತಹ ಸಣ್ಣ ರಂಧ್ರವೊಂದುಂಟು; ಅದರ ವಿಚಾರವು ಮುಂದೆ ಬರುವುದು. ಶ್ರೀರಂಗಪಟ್ಟಣದ ಬಳಿಯ ಗಂಜಾಂ ಗ್ರಾಮವು ಹಿಂದೆ ಈ ಹಣ್ಣಿಗೆ ಪ್ರಸಿದ್ಧವಾಗಿತ್ತು. ಈಗ ಬಳ್ಳಾರಿಯ ಸೀಮೆಯಲ್ಲಿಯೂ, ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿಯೂ ಇದನ್ನು ಬೆಳೆಯುತ್ತಾರೆ. ಪೇಟೆಯಲ್ಲಿ ದಾರಕ್ಕೆ ಪೋಣಿಸಿ ಮಾರುವ ಒಣಹಣ್ಣು ಬಹುಮಟ್ಟಿಗೆ ಆಫ್ಘಾನಿಸ್ತಾನದಿಂದ ಬರತಕ್ಕದ್ದು.

ಅಂಜೂರವು ರಕ್ತವನ್ನು ವೃದ್ಧಿಪಡಿಸುವುದು, ಎಲುಬಿಗೆ ಬಲ ಕೊಡುವುದು, ಮಲಬದ್ಧತೆಯನ್ನು ನೀಗುವುದು ಎಂದು ಜನರು ಹೇಳುವುದುಂಟು. ಈ ಮಾತುಗಳಲ್ಲಿ ನಿಜವೆಷ್ಟು ಎಂಬುದನ್ನು ತಿಳಿಯಬೇಕಾದರೆ ಹಣ್ಣಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತೂಗಿ ನೋಡಬೇಕು.

ಹಣ್ಣಿನ ಘಟಕಗಳು

ನೂರು ಭಾಗ ಹಸಿಹಣ್ಣಿನಲ್ಲಿ ಸುಮಾರು 79 ಭಾಗ ನೀರು, 16 ಭಾಗ ಸಕ್ಕರೆ, 3 ಭಾಗ ನಾರು ಇರುವುವು. ಪ್ರೋಟೀನು ಒಂದು ಭಾಗಕ್ಕೂ ಕಡಿಮೆ. ಒಣಗಿಸಿದರೆ ನೀರು ಹೋಗುವುದೇ ಹೊರತು ಹೊಸ ಸತ್ತ್ವವೇನೂ ಹುಟ್ಟುವುದಿಲ್ಲ. ಮೂರು ಕಿಲೋಗ್ರಾಂಗೂ ಮಿಕ್ಕಿದ ಹಸಿಹಣ್ಣು ಒಣಗಿ ಒಂದು ಕಿಲೋಗ್ರಾಂ ಆಗುವುದರಿಂದ ಉಳಿದ ಅಂಶಗಳು ಒತ್ತಾಗಿ ಸೇರುವುವು. ನೂರು ಗ್ರಾಂ ಒಣಹಣ್ಣಿನಲ್ಲಿ ಸಕ್ಕರೆ ಸುಮಾರು 48 ಗ್ರಾಂ, ನಾರು 10 ಗ್ರಾಂ, ಸುಣ್ಣದ ಅಂಶವಾದ ಕ್ಯಾಲ್ಸಿಯಂ 160 ಮಿಲಿಗ್ರಾಂ, ಪೊಟ್ಯಾಸಿಯಂ 680 ಮಿಲಿಗ್ರಾಂ, ಕಬ್ಬಿಣ 2 ಮಿಲಿಗ್ರಾಂ ದೊರೆಯುವುವು.

ಆರೋಗ್ಯಕ್ಕೆ ಉಪಯೋಗ

ನೂರು ಗ್ರಾಂ ಒಣಹಣ್ಣನ್ನು ಒಂದೇ ದಿನ ತಿನ್ನುವವರು ವಿರಳ. ಸಾಧಾರಣವಾಗಿ ತಿನ್ನುವುದು ಮೂರು ನಾಲ್ಕು ಹಣ್ಣು, ಎಂದರೆ ಸುಮಾರು 30 ಗ್ರಾಂ. ಅಷ್ಟರಲ್ಲಿ 3 ಗ್ರಾಂ ನಾರು ಸಿಕ್ಕುವುದು. ಈ ನಾರೂ ಸಣ್ಣ ಬೀಜಗಳೂ ಮಲಶೋಧನೆಗೆ ಸಹಾಯಕವಾದುದರಿಂದ ಮಲಬದ್ಧತೆಯ ವಿಷಯದಲ್ಲಿ ಜನರ ಮಾತು ಸರಿಯೇ. ಸುಣ್ಣದ ಅಂಶವಾದರೋ ಈ ಪ್ರಮಾಣದಲ್ಲಿ ಸುಮಾರು 50 ಮಿಲಿಗ್ರಾಂ ಮಾತ್ರ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಇದೆ. ಆದ್ದರಿಂದ ಮನೆಯ ರಾಗಿಯನ್ನು ಮಾರಿ ಎಲುಬಿನ ಬಲಕ್ಕಾಗಿ ಅಂಜೂರವನ್ನು ಕೊಳ್ಳುವುದು ವಿವೇಕವಲ್ಲ. ಕಬ್ಬಿಣವೂ ಸ್ವಲ್ಪವೇ, ಅದು ದೇಹಕ್ಕೆ ಹತ್ತಬೇಕಾದರೆ ನೆಲ್ಲಿಕಾಯಿ, ಸೀಬೆ, ನಿಂಬೆ ಮೊದಲಾದವು ಆಹಾರದ ಜೊತೆಯಲ್ಲಿರಬೇಕು. ರಕ್ತಹೀನತೆಯಿಂದ ಬಳಲುವ ಬಾಣಂತಿಗೆ ಅಂಜೂರವನ್ನಷ್ಟೇ ಕೊಟ್ಟು ವೈದ್ಯರ ಔಷಧವನ್ನು ನಿಲ್ಲಿಸಕೂಡದು.

ಆ ನಾಲ್ಕು ಹಣ್ಣುಗಳಲ್ಲಿಯೇ ಸುಮಾರು 15 ಗ್ರಾಂ ಸಕ್ಕರೆಯೂ ಇದೆ. ಮಧುಮೇಹವುಳ್ಳವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂತ್ರಪಿಂಡದ ರೋಗವುಳ್ಳವರು ಪೊಟ್ಯಾಸಿಯಂ ಕಾರಣದಿಂದ ವೈದ್ಯರನ್ನು ಕೇಳದೆ ತಿನ್ನತಕ್ಕದ್ದಲ್ಲ.

ಕೊಯ್ಯುವಾಗ ಎಚ್ಚರ

ಅಂಜೂರವು ಮಾವಿನಂತೆ ಹುಲ್ಲಿನಲ್ಲಿಟ್ಟರೆ ಹಣ್ಣಾಗುವುದಿಲ್ಲ; ಗಿಡದಲ್ಲಿಯೇ ಪಕ್ವವಾಗಬೇಕು. ಹಣ್ಣು ಮೆತ್ತಗಾಗಿ ತೊಟ್ಟಿನ ಬಳಿ ಕತ್ತು ಬಾಗುವುದೇ ಪಕ್ವತೆಯ ಗುರುತು. ತೊಟ್ಟಿನಿಂದ ಬಿಳಿಯ ಹಾಲು ಧಾರಾಳವಾಗಿ ಸುರಿದರೆ ಅದು ಇನ್ನೂ ಕಾಯಿ. ಈ ಹಾಲಿನಲ್ಲಿರುವ ಫಿಸಿನ್ ಎಂಬ ದ್ರವ್ಯವು ಪ್ರೋಟೀನನ್ನು ಕರಗಿಸತಕ್ಕದ್ದು; ಹಸುವಿನ ಹಾಲನ್ನೂ ಒಡೆಯುವುದು. ಎಲೆಯಲ್ಲಿಯೂ ಗಿಡದ ಹಾಲಿನಲ್ಲಿಯೂ ಇರುವ ಬೇರೆ ಕೆಲವು ದ್ರವ್ಯಗಳು ಚರ್ಮಕ್ಕೆ ತಗಲಿ ಅದರ ಮೇಲೆ ಬಿಸಿಲು ಬಿದ್ದರೆ ಬೊಬ್ಬೆಗಳೇಳುವುವು. ಕೊಯ್ಯುವ ಆಳುಗಳು ಕೈಗೆ ಬಟ್ಟೆ ಸುತ್ತಿಕೊಂಡು ತುಂಬುತೋಳಿನ ಅಂಗಿ ತೊಡಬೇಕು. ಹಾಲು ತಗಲಿದರೆ ಕೂಡಲೇ ಸಾಬೂನಿನಿಂದ ತೊಳೆಯಬೇಕು.

ಒಣಗಿಸುವಾಗ ಎಚ್ಚರ

ಹಣ್ಣಿನ ಗುಣವು ಉಳಿಯುವುದೂ ಕೆಡುವುದೂ ಇಲ್ಲಿಯೇ. ಮೊದಲು ಹೇಳಿದ ಕಣ್ಣಿನಿಂದ ಹುಳುವೂ ಬೂಷ್ಟಿನ ಬೀಜವೂ ಒಳಗೆ ಸೇರುವುವು. ತೇವ ಆರದೆ ಉಳಿದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಹುದು. ನೆಲಗಡಲೆಯನ್ನು ಕೆಡಿಸುವ ವಿಷವೂ ಇದೇ. ಇದು ಯಕೃತ್ತಿಗೆ ಹಾನಿಕರವಾದುದು. ತೊಳೆದರೂ ಬೇಯಿಸಿದರೂ ಹೋಗತಕ್ಕದ್ದಲ್ಲ.

ಆದಕಾರಣ ನೆಲಕ್ಕೆ ಬಿದ್ದ ಹಣ್ಣನ್ನೂ ಒಡೆದ ಹಣ್ಣನ್ನೂ ಮೊದಲೇ ಬೇರೆಮಾಡಬೇಕು. ಒಳ್ಳೆಯವನ್ನು ನೆಲದ ಮೇಲೆ ಹರಡದೆ, ಎತ್ತರಿಸಿದ ಬಿದಿರಿನ ತಟ್ಟಿಗಳ ಮೇಲೆ ಒಂದರ ಪಕ್ಕ ಒಂದಿಟ್ಟು, ತೆಳುಬಟ್ಟೆ ಮುಚ್ಚಿ, ದಿನವೂ ಮಗುಚಿಹಾಕಬೇಕು. ಮಂಜು ತಗಲದಂತೆ ಸಂಜೆಗೆ ಒಳಗಿಡಬೇಕು. ತೇವವು ಕಾಲುಭಾಗಕ್ಕೆ ಮೀರದಂತೆ ಒಣಗಿದ ಮೇಲೆಯೇ ಗಾಳಿಯಾಡದ ಡಬ್ಬಗಳಲ್ಲಿ ತುಂಬತಕ್ಕದ್ದು.

ಬೂಷ್ಟು ಹಿಡಿದ ಹಣ್ಣನ್ನು ಬಿಸಾಡಲು ಮನಸ್ಸು ಬಾರದೆ ಹಸುವಿನ ಮುಂದಿಡುವುದು ದೊಡ್ಡ ತಪ್ಪು. ಆ ವಿಷವು ಹಸುವಿನ ಹಾಲಿಗಿಳಿದು ಮನೆಯ ಮಕ್ಕಳ ಲೋಟಕ್ಕೇ ಬರುವುದು. ಅಂತಹ ಹಣ್ಣನ್ನು ಹೂಳಬೇಕು ಇಲ್ಲವೆ ಸುಡಬೇಕು.

ಅತ್ತಿಯ ಹಣ್ಣನ್ನು ಬಿಚ್ಚಿದರೆ ಹುಳು ಎಂಬುದು ಎಲ್ಲರೂ ಬಲ್ಲ ಮಾತು. ಅಂಜೂರಕ್ಕೂ ಅದು ಸಲ್ಲುವುದು. ಮಾರುವವನು ಮೂಟೆ ಕಟ್ಟುವ ಮುನ್ನ ಹಿಡಿಯಷ್ಟನ್ನು ತೆಗೆದು ಬಿಚ್ಚಿ ನೋಡಲಿ. ತಿನ್ನುವವನು ಪ್ರತಿಯೊಂದು ಹಣ್ಣನ್ನೂ ಬಿಚ್ಚಿ ನೋಡಿ ತಿನ್ನಲಿ. ಗ್ರಾಮದ ಮುಖಂಡರು ಈ ಪದ್ಧತಿಯನ್ನು ತಮ್ಮ ತೋಟದಲ್ಲಿ ಮೊದಲು ನಡೆಸಿದರೆ ಉಳಿದವರು ಅದನ್ನು ನೋಡಿ ಕಲಿಯುವರು.