ಚಿತ್ರ ತೆಗೆಯುವುದೂ ಹಂಚುವುದೂ

ನಮ್ಮ ಭಾಷೆಯಲ್ಲಿ ‘ಹಂಚಿಕೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಪಾಲು ಮಾಡಿ ಕೊಡುವುದು ಒಂದು. ಉಪಾಯ, ಯುಕ್ತಿ ಎಂಬುದು ಇನ್ನೊಂದು. ‘ಅವನು ಏನೋ ಹಂಚಿಕೆ ಹಾಕಿದ್ದಾನೆ’ ಎನ್ನುವಾಗ ಎರಡನೆಯ ಅರ್ಥವೇ ನಮ್ಮ ಮನಸ್ಸಿನಲ್ಲಿರುತ್ತದೆ. ಚಲನಚಿತ್ರದ ವ್ಯವಹಾರದಲ್ಲಿ ಈ ಎರಡೂ ಅರ್ಥಗಳು ಒಂದೆಡೆ ಕೂಡಿವೆ. ಚಿತ್ರ ತೆಗೆಯಲು ಕಲೆ ಬೇಕು, ಹಣ ಬೇಕು; ತೆಗೆದುದನ್ನು ಊರೂರಿಗೆ ಹಂಚಲು ಹಂಚಿಕೆಯೇ ಬೇಕು. ಆದರೆ ನಟನ ಹೆಸರು, ನಿರ್ದೇಶಕನ ಹೆಸರು ನಮಗೆ ನೆನಪಿರುವಂತೆ ಹಂಚಿದವರ ಹೆಸರು ನೆನಪಿರುವುದಿಲ್ಲ. ಅದು ಪರದೆಯ ಮೇಲೆ ಮೂಡುವ ಹೊತ್ತಿಗೆ ನಾವಿನ್ನೂ ಕತ್ತಲಲ್ಲಿ ಕುರ್ಚಿ ತಡಕುತ್ತಿರುತ್ತೇವೆ.

ನಾನು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಬೆಳೆದವನು. 1980ರ ದಶಕದ ಮೊದಲಲ್ಲಿ, ಹೊಸ ಚಿತ್ರ ಬರುವುದೆಂದರೆ ರೀಲಿನ ಪೆಟ್ಟಿಗೆ ಬರುವುದೆಂದೇ ಅರ್ಥ. ತಗಡಿನ ಆ ಪೆಟ್ಟಿಗೆ ಬಂದಿಳಿಯಿತೆಂಬ ಸುದ್ದಿ ಕೇಳಿದ ಮೇಲೆಯೇ ಗೋಡೆಯ ಮೇಲಣ ಭಿತ್ತಿಪತ್ರವನ್ನು ನಾವು ನಂಬುತ್ತಿದ್ದುದು. ಕೆಲವೊಮ್ಮೆ ಪ್ರತಿ ಒಂದೇ ಇದ್ದು, ಅದನ್ನು ತೋರಿಸುವ ಚಿತ್ರಮಂದಿರಗಳು ಎರಡಿರುತ್ತಿದ್ದವು. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು 11 ನಿಮಿಷ. ಇಲ್ಲಿ ಮುಗಿದ ರೀಲನ್ನು ಹುಡುಗನೊಬ್ಬ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಲ್ಲಿಗೆ ಒಯ್ಯಬೇಕು. ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟು ಹಾಕಿತೆಂದರೆ, ಆಚೆ ಕಡೆಯ ಪ್ರೇಕ್ಷಕರು ಬಿಳಿಯ ಪರದೆಯನ್ನೇ ನೋಡುತ್ತ ಶಿಳ್ಳೆ ಹೊಡೆಯುತ್ತಿದ್ದರು. ಚಿತ್ರವೆಂಬುದು ಹೊತ್ತು ತರಬೇಕಾದ ಸರಕು ಎಂಬ ಮೊದಲ ಪಾಠ ನನಗಾದದ್ದು ಹೀಗೆ.

ಸರಕಿನ ಮಾತನ್ನು ದಾವಣಗೆರೆಯವರಿಗೆ ಹೆಚ್ಚಾಗಿ ವಿವರಿಸಬೇಕಿಲ್ಲ. ಹತ್ತಿ ಬೆಳೆಯುವವನು ರೈತ. ಮಾರುವ ಸ್ಥಳ ಮಂಡಿ. ನಡುವೆ ಇರುವವನು ದಲಾಲ. ಬೆಳೆ ಎಷ್ಟು ಚೆನ್ನಾಗಿದ್ದರೂ ಮಂಡಿ ತನ್ನ ಕೈಯಲ್ಲಿಲ್ಲದವನು ಬೆಲೆ ಹೇಳಲಾರ. ಚಿತ್ರರಂಗದಲ್ಲಿಯೂ ಹಾಗೆಯೇ. ನಿರ್ಮಾಪಕನು ತನ್ನ ಚಿತ್ರದ ಹಕ್ಕನ್ನು ಒಂದೇ ಸಲ ಮಾರಿಬಿಡಬಹುದು. ಕನಿಷ್ಠ ಇಷ್ಟು ಹಣವೆಂದು ಖಾತರಿ ಪಡೆದು ಕೊಡಬಹುದು. ಅಥವಾ ಕಮಿಷನ್ನಿನ ಮೇಲೆ ಹಂಚಿಸಬಹುದು. ಮೊದಲನೆಯದರಲ್ಲಿ ನಷ್ಟದ ಭಯ ಕಡಿಮೆ, ಆದರೆ ಚಿತ್ರ ನೂರು ದಿನ ಓಡಿದರೂ ಲಾಭ ಕೊಂಡವನಿಗೇ. ಕೊನೆಯದರಲ್ಲಿ ಲಾಭವೂ ನಷ್ಟವೂ ತನ್ನದೇ.

ಯೂರೋಪಿನಲ್ಲಿ ಈ ಗುಟ್ಟನ್ನು ಬೇಗನೆ ಅರಿತದ್ದು ಫ್ರಾನ್ಸಿನ ಪಾಥೆ ಸಂಸ್ಥೆ. ಮೊದಮೊದಲು ಚಿತ್ರಗಳನ್ನು ಬಟ್ಟೆಯಂತೆ ಅಡಿಯ ಲೆಕ್ಕದಲ್ಲಿ ಮಾರುತ್ತಿದ್ದರು. ಕೊಂಡವನು ಸವೆಯುವವರೆಗೂ ತೋರಿಸಿಕೊಳ್ಳುತ್ತಿದ್ದ. 1907ರಲ್ಲಿ ಪಾಥೆಯವರು ಮಾರಾಟವನ್ನು ಬಿಟ್ಟು ಬಾಡಿಗೆಗೆ ಕೊಡುವ ಪದ್ಧತಿಗೆ ಬಂದರು. ಚಿತ್ರ ಊರೂರು ಸುತ್ತಿ ಮತ್ತೆ ತಯಾರಿಸಿದವನ ಮನೆಗೇ ಬರುವಂತಾಯಿತು. ತೆಗೆಯುವ ಕೈಯೂ ಹಂಚುವ ಕೈಯೂ ಒಂದೇ ಆದದ್ದು ಆ ಸಂಸ್ಥೆಯ ಏಳಿಗೆಗೆ ದೊಡ್ಡ ಕಾರಣ.

ಕನ್ನಡಕ್ಕೆ ಈ ಭಾಗ್ಯ ಬರಲು ಬಹುಕಾಲ ಹಿಡಿಯಿತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದನ್ನು ಚಿತ್ರೀಕರಿಸಿದ್ದು ಕೊಲ್ಲಾಪುರದಲ್ಲಿ. ಅನಂತರ ಬಹುಪಾಲು ಚಿತ್ರಗಳಿಗೆ ಮದರಾಸೇ ತವರಾಯಿತು. 1954ರಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆಯ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರು ನಾಯಕರಾಗಿ ಬಂದರು. 1968ರ ‘ಭಾಗ್ಯದ ಬಾಗಿಲು’ ಅವರ ನೂರನೆಯ ಚಿತ್ರ. 1973ರ ‘ಗಂಧದ ಗುಡಿ’ ನೂರೈವತ್ತನೆಯದು. ದುಡಿಮೆ ಅವರದು, ಜನಪ್ರೀತಿ ಅವರದು. ಚಿತ್ರಗಳ ಒಡೆತನ ಮಾತ್ರ ಬೇರೆಯವರದು. ಗೇಣಿಗೆ ಉತ್ತವನ ಸ್ಥಿತಿಯಿದು.

ಈ ಸ್ಥಿತಿಯನ್ನು ಬದಲಿಸಿದವರು ಅವರ ಪತ್ನಿ ಪಾರ್ವತಮ್ಮನವರು. ಮೈಸೂರು ಜಿಲ್ಲೆಯ ಸಾಲಿಗ್ರಾಮದ ಹೆಣ್ಣುಮಗಳು. 1953ರಲ್ಲಿ ವಿವಾಹವಾದಾಗ ಇನ್ನೂ ಎಳೆಯ ವಯಸ್ಸು. ಅವರು ನಿರ್ಮಿಸಿದ ಮೊದಲ ಚಿತ್ರ ‘ತ್ರಿಮೂರ್ತಿ’ 1975ರಲ್ಲಿ ಬಂದಿತು. ಪೂರ್ಣಿಮಾ ಎಂಟರ್‌ಪ್ರೈಸಸ್, ವಜ್ರೇಶ್ವರಿ ಕಂಬೈನ್ಸ್ ಎಂಬ ಹೆಸರುಗಳಲ್ಲಿ ನಿರ್ಮಾಣವೂ ಹಂಚಿಕೆಯೂ ಜೊತೆಜೊತೆಯಾಗಿ ಬೆಳೆದವು. ಬೆಂಗಳೂರಿನ ಗಾಂಧಿನಗರವೆಂದರೆ ಗಂಡಸರೇ ಕುಳಿತು ಲೆಕ್ಕ ಹಾಕುವ ಪೇಟೆ. ಅಲ್ಲಿ ಹೆಂಗಸೊಬ್ಬರು ಕುಳಿತು ಯಾವ ಊರಿಗೆ ಯಾವ ಚಿತ್ರ, ಯಾವ ವಾರ, ಯಾವ ಕರಾರು ಎಂದು ನಿಶ್ಚಯಿಸುವುದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ.

ಸಂಸ್ಥೆ ಬೆಳೆದ ಬಗೆಯೂ ನಮ್ಮ ಅವಿಭಕ್ತ ಕುಟುಂಬದ ರೀತಿಯದೇ. ಕಥೆ ಕೇಳಿ ಆರಿಸುವುದರಲ್ಲಿ ರಾಜಕುಮಾರರ ತಮ್ಮ ವರದರಾಜ್ ಅವರದು ಹಿರಿಯ ಪಾತ್ರ. ಮಾತು, ಹಾಡುಗಳಿಗೆ ಚಿ. ಉದಯಶಂಕರ್, ವ್ಯವಹಾರಕ್ಕೆ ಪಾರ್ವತಮ್ಮನವರ ಸೋದರರ ನೆರವು. 1978ರ ‘ಶಂಕರ್ ಗುರು’, 1982ರ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಬಂದವು. ನನ್ನಂಥ ಕನ್ನಡ ಮೇಷ್ಟ್ರಿಗೆ ಸಂತೋಷ ಕೊಡುವ ಇನ್ನೊಂದು ಸಂಗತಿಯೆಂದರೆ ಪುಸ್ತಕದೊಡನೆ ಅವರಿಟ್ಟುಕೊಂಡ ನಂಟು. ಸಾರಾಯಿಯ ಪಿಡುಗನ್ನು ಎತ್ತಿಕೊಂಡ 1992ರ ‘ಜೀವನ ಚೈತ್ರ’ಕ್ಕೆ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿ ಆಧಾರ. 1996ರ ‘ಜನುಮದ ಜೋಡಿ’ಯ ಮೂಲ ಗುಜರಾತಿನ ಪನ್ನಾಲಾಲ್ ಪಟೇಲರ ಕಾದಂಬರಿ.

ಒಬ್ಬ ನಟನ ಹೆಸರಿನ ಮೇಲೆ ನಿಂತ ಸಂಸ್ಥೆ ಆ ನಟನೊಂದಿಗೇ ಮುಗಿಯುವುದಲ್ಲವೇ ಎಂದು ಕೇಳಬಹುದು. ಪ್ರಶ್ನೆ ಯುಕ್ತವಾದದ್ದೇ. ಅದಕ್ಕೆ ಉತ್ತರ 1986ರ ‘ಆನಂದ್’. ನಾಯಕ ಶಿವರಾಜಕುಮಾರ್ ಹೊಸಬರು, ನಾಯಕಿ ಸುಧಾರಾಣಿಯವರೂ ಹೊಸಬರು. 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ, 2002ರ ‘ಅಪ್ಪು’ವಿನಲ್ಲಿ ರಕ್ಷಿತಾ ಕನ್ನಡಕ್ಕೆ ಬಂದರು, ಪುನೀತ್ ನಾಯಕರಾದದ್ದೂ ‘ಅಪ್ಪು’ವಿನಲ್ಲಿಯೇ. ಹಂಚುವ ದಾರಿ ಕೈಯಲ್ಲಿದ್ದವರು ಮಾತ್ರ ಹೊಸ ಮುಖಗಳನ್ನು ಹೀಗೆ ಧೈರ್ಯವಾಗಿ ಊರೂರಿಗೆ ಕಳಿಸಬಲ್ಲರು. ಉಪೇಂದ್ರರು ನಿರ್ದೇಶಿಸಿದ 1995ರ ‘ಓಂ’ ಚಿತ್ರವಂತೂ ಮತ್ತೆ ಮತ್ತೆ ತೆರೆಗೆ ಬಂದು, ಮರುಬಿಡುಗಡೆಯಲ್ಲಿಯೇ ಹೆಸರಾಯಿತು. ಮಾರಿಬಿಟ್ಟ ಎಮ್ಮೆ ಮನೆಗೆ ಹಾಲು ಕೊಡುವುದಿಲ್ಲ, ಕೊಟ್ಟಿಗೆಯಲ್ಲಿದ್ದದ್ದು ಕೊಡುತ್ತದೆ. 2017ರಲ್ಲಿ ಪಾರ್ವತಮ್ಮನವರು ತೀರಿಕೊಂಡಾಗ ಅವರ ನಿರ್ಮಾಣದ ಲೆಕ್ಕ ಸುಮಾರು 80 ಚಿತ್ರಗಳಾಗಿತ್ತು.

ಹಂಚಿಕೆಯಿಂದ ಸಂಸ್ಥೆಯೊಂದು ಬೆಳೆದದ್ದು ಮಾತ್ರವಲ್ಲ, ನಾಡೂ ಒಂದಿಷ್ಟು ಕೂಡಿತು. 1956ರ ನವೆಂಬರಿಗೆ ಮೊದಲು ನಮ್ಮ ಹರಿಹರದ ತುಂಗಭದ್ರೆಯೇ ಒಂದು ಗಡಿ; ಈಚೆ ಮೈಸೂರು, ಆಚೆ ಮುಂಬಯಿ ರಾಜ್ಯ. ರಾಜ್ಯದ ಗೆರೆ ಅಳಿಸಿದ ಮೇಲೂ ಚಿತ್ರೋದ್ಯಮದ ಲೆಕ್ಕದ ಪುಸ್ತಕದಲ್ಲಿ ‘ಬಾಂಬೆ ಕರ್ನಾಟಕ’, ‘ಹೈದರಾಬಾದ್ ಕರ್ನಾಟಕ’ ಎಂಬ ವಲಯಗಳು ಬಹುಕಾಲ ಉಳಿದವು. ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋದ ಪ್ರತಿಯೊಂದು ಕನ್ನಡ ರೀಲಿನ ಪೆಟ್ಟಿಗೆಯೂ ಆ ಗೆರೆಯನ್ನು ಅಷ್ಟಷ್ಟು ಅಳಿಸಿತೆಂದೇ ನನ್ನ ಭಾವನೆ.

ಈಗ ಪೆಟ್ಟಿಗೆಯಿಲ್ಲ, ಸೈಕಲ್ಲಿನ ಹುಡುಗನಿಲ್ಲ. ಚಿತ್ರ ಡಿಜಿಟಲ್ ರೂಪದಲ್ಲಿ ಒಂದೇ ದಿನ ನೂರಾರು ಪರದೆಗಳನ್ನು ತಲಪುತ್ತದೆ. 2014ರಲ್ಲಿ ‘ನಿನ್ನಿಂದಲೇ’ ಚಿತ್ರದಿಂದ ಆರಂಭಿಸಿದ ಹೊಂಬಾಳೆ ಸಂಸ್ಥೆ 2018ರ, 2022ರ ‘ಕೆ.ಜಿ.ಎಫ್.’ ಚಿತ್ರಗಳನ್ನು ಹಲವು ಭಾಷೆಗಳಲ್ಲಿ ದೇಶದಾದ್ಯಂತ ಮುಟ್ಟಿಸಿತು. ಹೆಮ್ಮೆಯ ಮಾತೇ ಸರಿ. ಆದರೆ ಒಮ್ಮೆಗೇ ಎಲ್ಲೆಡೆ ಬಂದ ಚಿತ್ರ ಒಮ್ಮೆಗೇ ಎಲ್ಲೆಡೆಯಿಂದ ಹೋಗಿಯೂಬಿಡುತ್ತದೆ. ಜನ ನೋಡಿ ಬಂದು, ನೆರೆಯವರಿಗೆ ಹೇಳಿ, ಅವರು ಹೊರಡುವಷ್ಟರಲ್ಲಿ ಚಿತ್ರವೇ ಇರುವುದಿಲ್ಲ. ದೊಡ್ಡ ಚಿತ್ರ ಇದನ್ನು ತಾಳಿಕೊಳ್ಳುತ್ತದೆ. ಸಣ್ಣ ಚಿತ್ರ ತಾಳಲಾರದು. ಸಣ್ಣ ಊರುಗಳ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿ ಕಲ್ಯಾಣಮಂಟಪವೋ ಮಳಿಗೆಯೋ ಆಗುತ್ತಿರುವುದನ್ನು ನಾವೇ ಕಾಣುತ್ತಿದ್ದೇವೆ.

ಒಳ್ಳೆಯ ಚಿತ್ರ ತೆಗೆಯುವವರು ಕನ್ನಡದಲ್ಲಿ ಇಂದೂ ಇದ್ದಾರೆ. ಅದನ್ನು ಜತನದಿಂದ ಊರು ಮುಟ್ಟಿಸುವ, ನೋಡುವವರು ಕೂಡಿಬರುವವರೆಗೆ ಕಾಯುವ ಕೈಗಳು ಮಾತ್ರ ವಿರಳವಾಗಿವೆ. ಪಾರ್ವತಮ್ಮನವರು ತೋರಿಸಿದ ಹಾದಿಯಲ್ಲಿ ಇನ್ನೂ ನಾಲ್ಕು ಜನ ನಡೆಯುವ ಹಂಚಿಕೆ ಹಾಕಿದರೆ, ಕನ್ನಡ ಚಿತ್ರಕ್ಕೆ ಪ್ರೇಕ್ಷಕರ ಕೊರತೆ ಬಾರದು.