ಛತ್ರದವನ ಪಾಲು

(ಸಿಕಂದರಾಬಾದಿನಲ್ಲಿ ಸಂಘದ ಕ್ರಿಸ್‌ಮಸ್ ಕೂಟದಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಕ್ರೈಸ್ತರಾದ ನಮ್ಮನ್ನು ಕರೆದು ನಾಲ್ಕು ಮಾತು ಆಡಿರೆಂದು ಸಂಘದವರು ಅಪ್ಪಣೆ ಕೊಟ್ಟಿದ್ದಾರೆ. ಈ ಕೂಟದಲ್ಲಿ ಎಲ್ಲ ಮತದವರೂ ಇದ್ದೀರಿ. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು ಬಂದವರಿದ್ದೀರಿ. ಸಂಜೆಯ ತಿಂಡಿಯ ಹೊತ್ತಿಗೆ ಮತ್ತೆ ಒಲೆಯ ಮುಂದೆ ನಿಲ್ಲಬೇಕಾದವರಿದ್ದೀರಿ. ಆದಕಾರಣ ದೊಡ್ಡ ಉಪದೇಶಕ್ಕೆ ಕೈ ಹಾಕುವುದಿಲ್ಲ. ದಯೆ, ಪ್ರೀತಿ ಎಂಬ ಮಾತುಗಳನ್ನು ಎಲ್ಲ ಮತದವರೂ ಎಲ್ಲ ವೇದಿಕೆಗಳಿಂದಲೂ ಹೇಳುತ್ತಾರೆ. ಕೇಳಿ ಕೇಳಿ ಅವು ಸವೆದ ನಾಣ್ಯದಂತಾಗಿವೆ. ನಾವು ಇಂದು ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ: ಒಬ್ಬರಿಂದ ಬಂದ ಪ್ರೀತಿಯನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ಯಾರದು?

ಲೂಕನ ಸುವಾರ್ತೆಯಲ್ಲಿ ಎರಡು ಛತ್ರಗಳ ಮಾತು ಬರುತ್ತದೆ. ಮೊದಲನೆಯದು ಬೇತ್ಲೆಹೇಮಿನದು. ತುಂಬು ಬಸುರಿಯಾದ ಮರಿಯಳೂ ಯೋಸೇಫನೂ ಆ ಊರಿಗೆ ಬಂದಾಗ ಛತ್ರದಲ್ಲಿ ಅವರಿಗೆ ಜಾಗವಿರಲಿಲ್ಲ. ಹುಟ್ಟಿದ ಮಗುವನ್ನು ದನಗಳ ಗೋದಲಿಯಲ್ಲಿ ಮಲಗಿಸಿದರು. ನಾವು ಈ ಹಬ್ಬದಲ್ಲಿ ನೆನೆಯುವುದು ಆ ಮಗುವನ್ನೇ. ಹೊಟೆಲುಗಳಲ್ಲಿ ದುಡಿಯುವ ನಿಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ‘ಜಾಗವಿಲ್ಲ’ ಎಂಬ ಮಾತನ್ನು ಹೇಳುವ ಕಷ್ಟವನ್ನೂ ಕೇಳುವ ಕಷ್ಟವನ್ನೂ ನೀವು ಬಲ್ಲಿರಿ.

ಎರಡನೆಯ ಛತ್ರ, ಆ ಮಗು ಬೆಳೆದು ದೊಡ್ಡವನಾದ ಮೇಲೆ ಹೇಳಿದ ಕಥೆಯಲ್ಲಿದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು, ಬಟ್ಟೆಯನ್ನೂ ಕಿತ್ತುಕೊಂಡು, ಅರೆಜೀವ ಮಾಡಿ ಬಿಟ್ಟುಹೋದರು. ದೇವಸ್ಥಾನದ ಯಾಜಕನೊಬ್ಬ ಬಂದ. ನೋಡಿ ಓರೆಯಾಗಿ ಹೋದ. ದೇವಸ್ಥಾನದ ಇನ್ನೊಬ್ಬ ಸೇವಕ ಬಂದ. ಅವನೂ ಹಾಗೆಯೇ ಮಾಡಿದ. ಮೂರನೆಯವನಾಗಿ ಸಮಾರ್ಯದವನೊಬ್ಬ ಬಂದ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರದ ಕಾಲ ಅದು. ಅವನು ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು, ಬಟ್ಟೆ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮಾರನೆಯ ದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದು ಹೇಳಿ ಹೊರಟ. ಅಂದಿನ ಒಂದು ಬೆಳ್ಳಿ ನಾಣ್ಯವೆಂದರೆ ಒಬ್ಬ ಕೂಲಿಯವನ ಒಂದು ದಿನದ ಸಂಬಳ.

ಈ ಕಥೆಯ ಮೇಲೆ ಸಾವಿರಾರು ಪ್ರಸಂಗಗಳಾಗಿವೆ. ಎಲ್ಲರೂ ಸಮಾರ್ಯದವನನ್ನು ಹೊಗಳುತ್ತಾರೆ, ಹೊಗಳತಕ್ಕದ್ದೇ. ಆದರೆ ಅವನು ಮಾರನೆಯ ದಿನವೇ ಹೊರಟುಹೋದ. ಅವನಿಗೂ ದಾರಿಯಿತ್ತು, ಕೆಲಸವಿತ್ತು. ಅರೆಜೀವವಾದವನು ಎರಡು ದಿನದಲ್ಲಿ ಎದ್ದು ನಡೆದಾನೇ? ಅಲ್ಲಿಂದ ಮುಂದೆ ಬಿಸಿನೀರು ಕಾಯಿಸಿದವರು ಯಾರು? ಗಂಜಿ ಕುಡಿಸಿದವರು ಯಾರು? ರಕ್ತದ ಬಟ್ಟೆ ಒಗೆದು, ಚಾಪೆ ಬದಲಾಯಿಸಿದವರು ಯಾರು? ಛತ್ರದವನು, ಅವನ ಕೈಕೆಳಗಿನ ಆಳುಗಳು. ಅವರ ಹೆಸರು ಕಥೆಯಲ್ಲಿಲ್ಲ. ಈ ಕೆಲಸಗಳ ಗುರುತು ನಿಮಗೆ ಈಗಾಗಲೇ ಹತ್ತಿರಬೇಕು. ದಿನವೂ ನೀವು ಮಾಡುವ ಕೆಲಸಗಳೇ ಇವು.

ಮಿಲ್ಲಿನ ಅಣ್ಣಂದಿರಿಗೆ ಇನ್ನೊಂದು ಬಗೆಯಲ್ಲಿ ಹೇಳುತ್ತೇವೆ. ಅರಳೆ ಬಿಡಿಸಿದವನು ಬಟ್ಟೆಯನ್ನು ಕಾಣುವುದಿಲ್ಲ. ನೂತವನ ನೂಲು ನೇಯುವವನ ಕೈಗೆ ಹೋಗುತ್ತದೆ. ಒಬ್ಬನ ಪಾಳಿ ಮುಗಿದ ಕಡೆ ಇನ್ನೊಬ್ಬನ ಪಾಳಿ ಶುರು. ನಡುವೆ ಒಬ್ಬನು ಕೈಬಿಟ್ಟರೆ ಹಿಂದಿನವರ ದುಡಿಮೆಯೆಲ್ಲ ನೆಲಕ್ಕೆ. ದಯೆಯೂ ಹಾಗೆಯೇ. ಸಮಾರ್ಯದವನ ದಯೆಯನ್ನು ಛತ್ರದವನು ಕೈಗೆತ್ತಿಕೊಳ್ಳದಿದ್ದರೆ ಗಾಯಗೊಂಡವನು ದಾರಿಯಲ್ಲಿ ಸಾಯುವ ಬದಲು ಛತ್ರದ ಮೂಲೆಯಲ್ಲಿ ಸಾಯುತ್ತಿದ್ದ, ಅಷ್ಟೇ ವ್ಯತ್ಯಾಸ.

ಇದು ಎರಡು ಸಾವಿರ ವರ್ಷದ ಹಿಂದಿನ ಪರದೇಶದ ಮಾತಾಯಿತು ಎನ್ನಬೇಡಿ. ನಮ್ಮ ಸಿಕಂದರಾಬಾದಿನ ಸ್ಟೇಶನ್ನಿನಿಂದ ನಿಜಾಮಾಬಾದಿನ ಕಡೆಗೆ ರೈಲು ಹತ್ತಿದರೆ ಕಾಮಾರೆಡ್ಡಿ ದಾಟಿದ ಮೇಲೆ ಡಿಚ್‌ಪಲ್ಲಿ ಎಂಬ ಊರು ಸಿಗುತ್ತದೆ. ಸುಮಾರು ೧೫೦ ಕಿಲೋಮೀಟರು ದೂರ. ಅಲ್ಲಿ ೧೯೧೫ರಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಸ್ಪತ್ರೆ ತೆರೆಯಿತು. ಅದನ್ನು ಕಟ್ಟಿದವರು ಡಾಕ್ಟರ್ ಇಸಬೆಲ್ ಕೆರ್ ಮತ್ತು ಅವರ ಪತಿ ಜಾರ್ಜ್ ಕೆರ್, ವೆಸ್ಲಿಯನ್ ಮಿಶನ್ನಿನವರು. ಸ್ಕಾಟ್ಲೆಂಡಿನಲ್ಲಿ ವೈದ್ಯ ಕಲಿತ ಆ ತಾಯಿ ೧೯೦೭ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಬಂದರು. ಊರು ಹೊರಹಾಕಿದವರು, ಮನೆಯವರೂ ಕೈಬಿಟ್ಟವರು ಅವರ ಬಾಗಿಲಿಗೆ ಬರತೊಡಗಿದರು. ಮೊದಲು ಮಾಡಿದ ಚಿಕ್ಕ ಏರ್ಪಾಟು ಬೇಗನೆ ತುಂಬಿಹೋಯಿತು. ಆಗ ಡಿಚ್‌ಪಲ್ಲಿಯ ಆಸ್ಪತ್ರೆಗೆ ಹಣ ಕೊಟ್ಟವರು ರಾಜಾ ನರ್ಸಾ ಗೌಡರು. ಅವರು ಹಿಂದೂ ಗೃಹಸ್ಥರು. ಕ್ರೈಸ್ತ ವೈದ್ಯಳ ಕೈಗೆ ಹಿಂದೂ ದಾನಿಯ ಹಣ. ಆ ಹಣದಿಂದ ಯಾವ ಮತದವನಾದರೂ ಸರಿ, ರೋಗಿಗೆ ಚಿಕಿತ್ಸೆ. ಸಮಾರ್ಯದವನ ಕಥೆ ತೆಲಂಗಾಣದ ನೆಲದಲ್ಲಿ ಮತ್ತೊಮ್ಮೆ ನಡೆದಂತಾಯಿತು.

ಆ ಕಾಲಕ್ಕಿದ್ದ ಔಷಧ ಚಾಲ್‌ಮೊಗ್ರ ಜಾತಿಯ ಮರಗಳ ಬೀಜದ ಎಣ್ಣೆ. ಆ ಜಾತಿಯ ಮರವೊಂದು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುತ್ತದೆ. ಕನ್ನಡದಲ್ಲಿ ಅದಕ್ಕೆ ಗರುಡಫಲ ಎನ್ನುತ್ತಾರೆ. ಕಲ್ಕತ್ತೆಯಲ್ಲಿ ಡಾಕ್ಟರ್ ಮ್ಯೂರ್ ಈ ಎಣ್ಣೆಯ ಚಿಕಿತ್ಸೆಯನ್ನು ತಿದ್ದಿ ಸುಧಾರಿಸುತ್ತಿದ್ದರು. ಡಿಚ್‌ಪಲ್ಲಿಯಲ್ಲಿ ಅದನ್ನು ಸೂಜಿಯ ಮೂಲಕ ಕೊಡುತ್ತಿದ್ದರು. ಇಂದಿನ ಔಷಧದ ಬಲ ಅದಕ್ಕಿರಲಿಲ್ಲ. ಆದರೂ ಸಾಯುವವರೆಗೆ ಬಿದ್ದಿರುವ ಜಾಗವಲ್ಲ ಇದು, ವಾಸಿಮಾಡಿಕೊಂಡು ಮನೆಗೆ ಹೋಗುವ ಜಾಗ ಎಂಬ ಆಸೆಯನ್ನು ಅದು ಹುಟ್ಟಿಸಿತು. ೧೯೨೩ರಲ್ಲಿ ಸರಕಾರ ಕೆರ್ ದಂಪತಿಗಳಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಆ ಆಸ್ಪತ್ರೆಯಲ್ಲಿ ಗಾಯ ತೊಳೆದವರ, ಗಂಜಿ ಕಾಯಿಸಿದವರ ಕೊರಳಿಗೆ ಪದಕ ಬೀಳಲಿಲ್ಲ. ಅವರು ಛತ್ರದವನ ಸಾಲಿಗೆ ಸೇರಿದವರು.

ದಕ್ಷಿಣ ಕನ್ನಡದಿಂದ ಬಂದ ಹೊಟೆಲಿನ ಬಂಧುಗಳಿಗೆ ಕಂಕನಾಡಿಯ ಆಸ್ಪತ್ರೆಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ ೧೮೮೦ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಔಷಧ ಹಂಚತೊಡಗಿ, ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಒಂದು ಆಶ್ರಯ ಕಟ್ಟಿದರು. ೧೯೧೦ರಲ್ಲಿ ಅವರು ತೀರಿಕೊಂಡರು. ಅವರು ಶುರುಮಾಡಿದ್ದು ಅವರೊಂದಿಗೆ ಮಣ್ಣಾಗಲಿಲ್ಲ. ಇಂದು ಅದು ದೊಡ್ಡ ಆಸ್ಪತ್ರೆ. ಒಬ್ಬರ ಕೈಯಿಂದ ಇನ್ನೊಬ್ಬರು ಎತ್ತಿಕೊಂಡಿದ್ದರಿಂದಲೇ ಉಳಿಯಿತು.

ಇಷ್ಟು ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಇಳಿದುಬಿಡಬಹುದಿತ್ತು. ಆದರೆ ಹಳಬರ ಪುಣ್ಯದ ಲೆಕ್ಕ ಓದಿದರೆ ನಮ್ಮ ಬಾಕಿ ತೀರುವುದಿಲ್ಲ. ಕುಷ್ಠರೋಗ ಹೋಗಿಯೇಬಿಟ್ಟಿತು ಎಂದು ಅನೇಕರು ತಿಳಿದಿದ್ದಾರೆ. ೨೦೦೫ರ ಕೊನೆಗೆ ನಮ್ಮ ದೇಶದಲ್ಲಿ ರೋಗಿಗಳ ಸಂಖ್ಯೆ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕೆಳಗೆ ಇಳಿಯಿತೆಂದು ಸರಕಾರ ಸಾರಿದ್ದು ನಿಜ. ಆದರೂ ಲೋಕದಲ್ಲಿ ವರ್ಷ ವರ್ಷವೂ ಹೊಸದಾಗಿ ಗೊತ್ತಾಗುವ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರೇ. ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಮಲಗುವ ನಮ್ಮಂಥ ದುಡಿಯುವ ಜನರ ನಡುವೆ ಇದರ ಮಾತು ಬರಲೇಬೇಕು.

ಹೊಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವ ಒಬ್ಬ ತಮ್ಮನಿದ್ದಾನೆಂದು ಇಟ್ಟುಕೊಳ್ಳಿ. ಕುಂದಾಪುರದ ಕಡೆಯವನೋ, ಬೀದರಿನ ಕಡೆಯವನೋ. ಮುಂಗೈ ಮೇಲೆ ರೂಪಾಯಿ ಅಗಲದ ತಿಳಿಬಣ್ಣದ ಮಚ್ಚೆ. ತುರಿಕೆಯಿಲ್ಲ, ನೋವಿಲ್ಲ. ಒಂದು ದಿನ ಕಾವಲಿಗೆ ಕೈ ತಗಲಿ ಚರ್ಮ ಸುಟ್ಟಿತು; ಪಕ್ಕದವನು ಕೂಗಿ ಹೇಳುವವರೆಗೆ ಅವನಿಗೆ ಗೊತ್ತೇ ಆಗಲಿಲ್ಲ. ಅಂದು ಅವನಿಗೆ ಭಯ ಹುಟ್ಟುತ್ತದೆ. ಯಾವುದೋ ಮುಲಾಮು ತಂದು ಹಚ್ಚಿ, ಸೆಖೆಯಲ್ಲಿಯೂ ಉದ್ದ ತೋಳಿನ ಅಂಗಿ ಹಾಕುತ್ತಾನೆ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕೆಲಸ ಹೋದೀತು, ಕೋಣೆಯವರು ಹಾಸಿಗೆ ಹೊರಗೆಸೆದಾರು, ಊರಿಗೆ ಸುದ್ದಿ ಮುಟ್ಟಿ ತಂಗಿಯ ಮದುವೆ ಮುರಿದೀತು. ಅವನು ಮುಚ್ಚಿಟ್ಟಷ್ಟು ದಿನ ರೋಗ ಒಳಗೊಳಗೇ ನರಗಳನ್ನು ತಿನ್ನುತ್ತದೆ. ಬೆರಳು ಮಡಚಿಕೊಂಡ ಮೇಲೆ ಔಷಧವು ರೋಗವನ್ನು ಕೊಂದೀತು, ಬೆರಳನ್ನು ಮೊದಲಿನಂತೆ ಮಾಡುವುದು ಕಷ್ಟ. ಅವನ ಕೈ ಕೆಡಿಸುವುದರಲ್ಲಿ ಅರ್ಧ ಪಾಲು ರೋಗದ್ದು; ಉಳಿದರ್ಧ ನಮ್ಮೆಲ್ಲರ ಹೆದರಿಕೆಯದು.

ಈ ಹೆದರಿಕೆಗೆ ಈಗ ಕಾರಣವಿಲ್ಲ. ಈ ರೋಗ ಶಾಪವೂ ಅಲ್ಲ, ಹಿಂದಿನ ಜನ್ಮದ ಪಾಪವೂ ಅಲ್ಲ, ತಂದೆಯಿಂದ ಮಗನಿಗೆ ರಕ್ತದಲ್ಲಿ ಇಳಿಯುವುದೂ ಅಲ್ಲ. ಒಂದು ಕ್ರಿಮಿಯಿಂದ ಬರುವ ರೋಗವಿದು. ೧೮೭೩ರಲ್ಲಿ ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು ಅದನ್ನು ಕಂಡುಹಿಡಿದರು. ಕೈ ಕುಲುಕಿದರೆ, ಜೊತೆಯಲ್ಲಿ ಕೂತು ಉಂಡರೆ ಅಂಟುವುದಿಲ್ಲ. ಬಹುಮಂದಿಯ ಮೈಗೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರೋಗದ ಬಗೆ ನೋಡಿ ಆರು ತಿಂಗಳು ಇಲ್ಲವೆ ಹನ್ನೆರಡು ತಿಂಗಳು ಗುಳಿಗೆ ನುಂಗಿದರೆ ವಾಸಿ. ಗುಳಿಗೆ ಶುರುವಾದ ಸ್ವಲ್ಪ ಕಾಲದಲ್ಲೇ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಈ ಔಷಧಕ್ಕೆ ಕಾಸು ಕೊಡಬೇಕಾಗಿಲ್ಲ. ರೋಗಿಗಳನ್ನು ಹಿಡಿದು ಬೇರೆ ಇಡಲು ಮಾಡಿದ್ದ ೧೮೯೮ರ ಕಾನೂನು ೨೦೧೬ರಲ್ಲಿ ರದ್ದಾಯಿತು. ಕುಷ್ಠವೆಂಬ ಕಾರಣಕ್ಕೆ ಗಂಡ ಹೆಂಡಿರು ವಿಚ್ಛೇದನ ಕೇಳಬಹುದೆಂಬ ಮಾತನ್ನು ೨೦೧೯ರಲ್ಲಿ ಕಾನೂನಿನಿಂದ ತೆಗೆದುಹಾಕಿದರು. ಪುಸ್ತಕದಿಂದ ತೆಗೆದದ್ದನ್ನು ಮನಸ್ಸಿನಿಂದ ತೆಗೆಯುವ ಕೆಲಸ ಮಾತ್ರ ಬಾಕಿಯಿದೆ.

ಔಷಧ ಕಂಡುಹಿಡಿದವರು ತಮ್ಮ ಪಾಲು ಮಾಡಿದರು. ಆಸ್ಪತ್ರೆ ಕಟ್ಟಿದವರು, ಹಣ ಕೊಟ್ಟವರು ತಮ್ಮ ಪಾಲು ಮಾಡಿದರು. ಈಗ ಛತ್ರದವನ ಪಾಲು ನಮ್ಮದು. ಅದೇನು ದೊಡ್ಡ ತ್ಯಾಗವಲ್ಲ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡವನಿಗೆ, ‘ಬಾ ತಮ್ಮಾ, ನಾನೂ ಬರುತ್ತೇನೆ’ ಎಂದು ಹೇಳಿ, ಅರ್ಧ ದಿನದ ರಜೆ ಹಾಕಿ, ಗಾಂಧಿ ಆಸ್ಪತ್ರೆಗೋ ಹತ್ತಿರದ ಸರಕಾರಿ ದವಾಖಾನೆಗೋ ಜೊತೆಯಲ್ಲಿ ಹೋಗುವುದು ಒಂದು. ಅವನು ಗುಳಿಗೆ ತಪ್ಪಿಸದಂತೆ ನೆನಪು ಮಾಡುವುದು ಎರಡು. ಕೈಗೆ ಸ್ಪರ್ಶ ತಿಳಿಯುವುದಿಲ್ಲವಾದರೆ ಕೆಲವು ಕಾಲ ಕಾವಲಿಯಿಂದ ತಪ್ಪಿಸಿ ಗಲ್ಲಾದಲ್ಲೋ ಉಗ್ರಾಣದಲ್ಲೋ ಕೂರಿಸಿರೆಂದು ಧಣಿಗಳಿಗೆ ಹೇಳಿ ಒಪ್ಪಿಸುವುದು ಮೂರು. ಊರಿಗೆ ಸುದ್ದಿ ಬರೆಯದೆ ಬಾಯಿ ಕಟ್ಟಿಕೊಳ್ಳುವುದು ನಾಲ್ಕು. ಐದನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ: ಅವನ ಚಹದ ಲೋಟವನ್ನು ನಮ್ಮ ಲೋಟಗಳ ಜೊತೆಯಲ್ಲೇ ಇಡುವುದು.

ಗಾಯಗೊಂಡವನಿಗಾಗಿ ಸಮಾರ್ಯದವನು ಎರಡು ದಿನದ ಸಂಬಳ ತೆಗೆದಿಟ್ಟ. ವರ್ಷಕ್ಕೆ ಅರ್ಧ ದಿನದ ಸಂಬಳವನ್ನು ನಾವೆಲ್ಲ ಸಂಘದಲ್ಲಿ ಕೂಡಿಟ್ಟರೆ, ಯಾವ ಕಾಯಿಲೆಯಿಂದಲಾದರೂ ಮಲಗಿದ ಬಂಧುವಿಗೆ ಆಸ್ಪತ್ರೆಯ ಖರ್ಚೂ ಊರಿನ ಮನೆಗೆ ಅಕ್ಕಿಯ ಖರ್ಚೂ ಸಿಕ್ಕೀತು. ಈ ಮಾತನ್ನು ಸಂಘದ ಹಿರಿಯರು ಯೋಚಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಕೊನೆಗೆ ಕ್ರೈಸ್ತರಾದ ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತೊಂದಿದೆ. ಎಲ್ಲರ ಎದುರಿನಲ್ಲಿ ಹೇಳಿದರೇ ಒಳ್ಳೆಯದು. ನಾವು ಒಬ್ಬನಿಗೆ ಉಪಕಾರ ಮಾಡಿದರೆ, ಇವರು ತಮ್ಮ ಮತಕ್ಕೆ ಸೆಳೆಯುತ್ತಿದ್ದಾರೆಂದು ಕೆಲವರಿಗೆ ಅನುಮಾನ ಬರುತ್ತದೆ. ಅದಕ್ಕೆ ನಾವು ಕೊಡಬಹುದಾದ ಉತ್ತರ ನಮ್ಮ ನಡತೆಯೊಂದೇ. ಸಮಾರ್ಯದವನು ಗಾಯಗೊಂಡವನ ಊರು ಕೇಳಲಿಲ್ಲ, ದೇವರು ಯಾರೆಂದು ಕೇಳಲಿಲ್ಲ, ಎದ್ದಮೇಲೆ ನನ್ನ ಕಡೆ ಬಾ ಎನ್ನಲಿಲ್ಲ. ಪ್ರತಿಫಲ ಕೇಳುವ ದಯೆ ವ್ಯಾಪಾರ. ಅದಕ್ಕೆ ರಶೀದಿ ಬರೆದುಕೊಳ್ಳಬಹುದು, ಪ್ರೀತಿ ಎಂದು ಹೆಸರಿಡಬಾರದು. ಕುಷ್ಠರೋಗಿಯೊಬ್ಬನು ಎದುರಿಗೆ ಬಂದು ಬೇಡಿದಾಗ ಯೇಸು ಮೊದಲು ಕೈ ಚಾಚಿ ಅವನನ್ನು ಮುಟ್ಟಿದರೆಂದು ಸುವಾರ್ತೆಯಲ್ಲಿದೆ. ಆ ಸ್ಪರ್ಶ ನಮಗೂ ದಾಟಿ ಬಂದಿದೆ ಎಂದು ನಂಬುವವರು ನಾವು. ನಮ್ಮಲ್ಲಿಗೆ ಬಂದು ಅದು ನಿಂತುಹೋದರೆ ನಮ್ಮ ನಂಬಿಕೆಯ ಬೆಲೆ ಏನು?

ಸಮಾರ್ಯದವನು ತಿರುಗಿ ಬಂದನೋ, ಬಾಕಿ ಖರ್ಚನ್ನು ಕೊಟ್ಟನೋ ಎಂಬುದನ್ನು ಯೇಸು ಹೇಳಲಿಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ. ಛತ್ರದವನು ಎರಡು ನಾಣ್ಯ ಸೆರಗಿಗೆ ಕಟ್ಟಿಕೊಂಡು, ಪರಿಚಯವಿಲ್ಲದವನ ಮಾತಿನ ಮೇಲೆ ಭರವಸೆಯಿಟ್ಟು, ಒಳಗೆ ಹೋಗಿ ನೀರು ಕಾಯಿಸಲು ಒಲೆ ಹೊತ್ತಿಸಿರಬೇಕು. ನಿಮ್ಮ ಒಲೆಗಳೂ ಕಾಯುತ್ತಿವೆ; ತಡಮಾಡುವುದಿಲ್ಲ.