ಮೀಸೆಯ ಪರವಾನಗಿ: ರಂಗಸ್ಥಳದ ಮೇಲೂ ಕೆಳಗೂ ಗಂಡಸುತನ

ವಿರಾಟಪರ್ವದ ಉತ್ತರಕುಮಾರ ಕನ್ನಡಿಗರಿಗೆ ಹೊಸಬನಲ್ಲ. ಕುಮಾರವ್ಯಾಸನ ಕೈಗೆ ಸಿಕ್ಕು ನಗೆಪಾಟಲಾದ, ಯಕ್ಷಗಾನದ ಆಟಗಳಲ್ಲಿ ಜನ ಕಾದು ನೋಡುವ ಪಾತ್ರವಾದ, ಕೊನೆಗೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯಾಗಿ ಅಡುಗೆಮನೆಗೂ ಬಂದ. ಅವನು ಅರಸುಮಗ. ಹೆಸರು, ಆಯುಧ, ರಥ, ಹೊಗಳುವ ಹೆಂಗಳೆಯರು, ಗಂಡಸಿಗೆ ಬೇಕೆಂದು ಲೋಕ ಹೇಳುವುದೆಲ್ಲವೂ ಅವನಲ್ಲಿದೆ. ಕೌರವಸೇನೆ ಕಣ್ಣಿಗೆ ಬಿದ್ದ ಕ್ಷಣ ರಥದಿಂದ ಧುಮುಕಿ ಓಡುತ್ತಾನೆ. ಅವನನ್ನು ಬೆನ್ನಟ್ಟಿ ಹಿಡಿದು ತರುವುದು ಜಡೆ ಹಾಕಿ ಸೀರೆಯುಟ್ಟ ನಾಟ್ಯಗುರು ಬೃಹನ್ನಳೆ.

ವ್ಯಾಸಭಾರತದ ಈ ಸಂದರ್ಭದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಡೆ ಹಾರಿಸಿಕೊಂಡು ಓಡುವ ಬೃಹನ್ನಳೆಯನ್ನು ಕಂಡು ಕೆಲವು ಸೈನಿಕರು ನಗುತ್ತಾರೆ. ಕೌರವರು ಮಾತ್ರ ನಗೆ ನಿಲ್ಲಿಸಿ ದಿಟ್ಟಿಸುತ್ತಾರೆ: ಉಡುಗೆ ಹೆಣ್ಣಿನದು, ಆದರೆ ಆ ಕೊರಳು, ಆ ತೋಳು, ಆ ನಡೆ ಅರ್ಜುನನದಲ್ಲವೇ? ಒಂದೇ ದೇಹವನ್ನು ಒಂದೇ ಗಳಿಗೆಯಲ್ಲಿ ಒಂದೇ ಸೇನೆ ಎರಡು ಬಗೆಯಲ್ಲಿ ಓದಿತು. ಈ ಉಪನ್ಯಾಸದ ವಿಷಯವೂ ಅದೇ: ನೋಡುವವರು ಯಾವ ಗುರುತುಗಳನ್ನು ಹಿಡಿದು ಒಬ್ಬರನ್ನು ‘ಗಂಡು’ ಎಂದು ಓದುತ್ತಾರೆ, ಆ ಗುರುತುಗಳನ್ನು ತೊಡುವ ಹಕ್ಕು ಯಾರಿಗಿದೆ ಎಂದು ಯಾರು ತೀರ್ಮಾನಿಸುತ್ತಾರೆ.

ಚೌಕಿಯ ಪಾಠ

ಈ ಪ್ರಶ್ನೆಗೆ ಉತ್ತರ ಹುಡುಕಲು ಯಕ್ಷಗಾನದ ಚೌಕಿಗಿಂತ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗಿಂತ, ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿ ಗಂಡಸುತನವನ್ನು ಸಂಜೆ ಕಟ್ಟಿ, ಬೆಳಗ್ಗೆ ಬಿಚ್ಚಿಡುತ್ತಾರೆ. ಅದರಲ್ಲೂ ದರ್ಜೆಗಳಿವೆ. ಅಭಿಮನ್ಯು, ಬಬ್ರುವಾಹನರಂಥ ಪುಂಡುವೇಷಕ್ಕೆ ಚುರುಕು ಹೆಜ್ಜೆ, ಧೀಂಗಿಣ. ಕಿರೀಟ ವೇಷಕ್ಕೆ ಗತ್ತು, ತೂಕದ ಮಾತು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಮುಖದ ಮೇಲೆ ಇಟ್ಟ ಚುಟ್ಟಿ, ಮೇಲೆ ಆರ್ಭಟ. ಪಡೆಯುವ ಗಾತ್ರವೆಲ್ಲ ಬಟ್ಟೆಯದು, ಭುಜಕೀರ್ತಿ, ಎದೆಕಟ್ಟುಗಳದು. ಕಟ್ಟುಮಸ್ತಾದ ರಾವಣನ ಒಳಗೆ ಸಣಕಲು ದೇಹದ ಕಲಾವಿದ ಇರುವುದು ಪ್ರೇಕ್ಷಕರಿಗೂ ಗೊತ್ತು. ಗೊತ್ತಿದ್ದೂ ನಂಬುತ್ತಾರೆ.

ಹೆಣ್ಣುಪಾತ್ರಗಳ ವಿಂಗಡಣೆ ಇನ್ನೂ ಕುತೂಹಲದ್ದು. ಚಂದ್ರಮತಿ, ದಮಯಂತಿಯಂಥವರದು ಗರತಿ ವೇಷ: ಮೆಲುನಡೆ, ತಗ್ಗಿದ ನೋಟ, ಕರುಣರಸದ ಪದಗಳು. ಸ್ತ್ರೀರಾಜ್ಯದ ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿಯರದು ಕಸೆ ಸ್ತ್ರೀವೇಷ. ಇವರು ಕಸೆಯುಟ್ಟು, ಕೈಯಲ್ಲಿ ಬಿಲ್ಲು ಹಿಡಿದು, ಪುಂಡುವೇಷಕ್ಕೆ ಸರಿಸಾಟಿಯಾಗಿ ಕುಣಿದು ಯುದ್ಧಕ್ಕೆ ನಿಲ್ಲುವವರು. ಮೇಳಗಳಲ್ಲಿ ಪರಂಪರೆಯಿಂದ ಈ ವೇಷ ಮಾಡುತ್ತ ಬಂದವರು ಗಂಡಸರು. ಹಾಗಾಗಿ ಪ್ರೇಕ್ಷಕರು ನೋಡುವುದು ಗಂಡಸಿನಂತೆ ಕಾದುವ ಹೆಣ್ಣಿನ ಪಾತ್ರವನ್ನು ಮಾಡುವ ಗಂಡಸನ್ನು. ಮೂರನೆಯ ಬಗೆ ಹೆಣ್ಣುಬಣ್ಣ. ಶೂರ್ಪನಖಿ, ಅಜಮುಖಿಯಂಥವರಿಗೆ ಗರತಿಯ ಸೀರೆಯಿಲ್ಲ, ರಾಣಿಯ ಬಿಲ್ಲೂ ಇಲ್ಲ. ಅವರ ಮುಖ ರಾಕ್ಷಸರ ಬಣ್ಣಕ್ಕೆ ಸೇರಿದೆ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮಾಜಿಕ ದಾಖಲೆಯೇ ಸಿಗುತ್ತದೆ. ಹೆಣ್ಣಿನ ಕಸುವಿಗೆ ಅರಸುಮನೆತನದ ಆಸರೆಯಿದ್ದರೆ ಅದು ಕಸೆಸ್ತ್ರೀ. ಆಸರೆಯಿಲ್ಲದೆ, ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದರೆ ಹೆಣ್ಣುಬಣ್ಣ. ಕಸೆಸ್ತ್ರೀಯ ಶೌರ್ಯಕ್ಕೂ ಅವಧಿಯಿದೆ. ಪ್ರಮೀಳೆಯ ಕಥೆ ಅರ್ಜುನನೊಂದಿಗಿನ ಮದುವೆಯಲ್ಲಿ ಮುಗಿಯುತ್ತದೆ. ಮದುರೆಯ ಮೀನಾಕ್ಷಿಯ ಐತಿಹ್ಯದಲ್ಲಿ ಈ ಅವಧಿಯ ಗುರುತು ದೇಹಕ್ಕೇ ಬಂದಿದೆ. ಮೂರು ಮೊಲೆಗಳೊಂದಿಗೆ ಹುಟ್ಟಿ, ಗಂಡುಮಗನಂತೆ ಬೆಳೆದು, ಪಟ್ಟವೇರಿ, ದಿಗ್ವಿಜಯಕ್ಕೆ ಹೊರಟವಳ ಮೂರನೆಯ ಮೊಲೆ ಶಿವನನ್ನು ಕಂಡೊಡನೆ ಮಾಯವಾಗುತ್ತದೆ. ಗಂಡಿನಂತೆ ಬದುಕಲು ಸಿಕ್ಕ ಪರವಾನಗಿ ಗಂಡ ಬರುವವರೆಗೆ ಮಾತ್ರ.

ಕರಾವಳಿಯ ದೈವಾರಾಧನೆ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಸಿಕ್ಕುವುದಿಲ್ಲ. ಜುಮಾದಿ ದೈವದಲ್ಲಿ ಹೆಣ್ಣಿನ ಎದೆಯೂ ಗಂಡಿನ ಮೀಸೆಯೂ ಒಟ್ಟಿಗೆ ಇವೆ. ಭಕ್ತರು ಇದರಲ್ಲಿ ವಿರೋಧ ಕಾಣದೆ ಕೈಮುಗಿದು ನುಡಿ ಕೇಳುತ್ತಾರೆ.

ಕಂಸನಾದ ನಾಗರತ್ನಮ್ಮ

ವೃತ್ತಿರಂಗಭೂಮಿಗೆ ಬಂದರೆ ಕಥೆಯ ದಿಕ್ಕು ಬದಲಾಗುತ್ತದೆ. ಆರಂಭದ ಕಂಪನಿಗಳಲ್ಲಿ ಹೆಣ್ಣುಪಾತ್ರಗಳೂ ಗಂಡಸರದೇ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಹೆಣ್ಣುಪಾತ್ರಗಳಿಂದಲೇ ಮನೆಮಾತಾದರು. ಅವರು ಸೀರೆಯುಡುವ ಬಗೆ, ತೊಡುವ ಒಡವೆಯನ್ನು ಶ್ರೀಮಂತ ಮನೆಗಳ ಹೆಂಗಸರು ಅನುಸರಿಸಿದರು. ಹೆಣ್ತನದ ಮಾದರಿಯನ್ನು ಹೆಂಗಸರು ಒಬ್ಬ ಗಂಡಸಿನಿಂದ ಕಲಿತ ವಿಚಿತ್ರವದು. 1964ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಅದರ ಎದುರು ಪುಟದಲ್ಲಿ ನಿಲ್ಲುವವರು ಮೈಸೂರಿನಲ್ಲಿ 1926ರಲ್ಲಿ ಹುಟ್ಟಿದ ಆರ್. ನಾಗರತ್ನಮ್ಮ. ಗುಬ್ಬಿ ಕಂಪನಿಯೂ ಸೇರಿ ಹಲವು ಮಂಡಳಿಗಳಲ್ಲಿ ದುಡಿದ ಅವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರವು. ನಾಗರತ್ನಮ್ಮ ತಾವೇ ಕಂಸ, ರಾವಣ, ‘ಕೃಷ್ಣಗಾರುಡಿ’ಯ ಭೀಮ, ‘ಕುರುಕ್ಷೇತ್ರ’ದ ದುರ್ಯೋಧನ ಆದರು. ಆರಿಸಿಕೊಂಡ ಪಾತ್ರಗಳನ್ನು ಗಮನಿಸಬೇಕು. ಕೊಳಲು ಹಿಡಿದ ಕೃಷ್ಣನನ್ನೋ ಎಳೆಯ ರಾಜಕುಮಾರನನ್ನೋ ಹೆಣ್ಣುಮಗಳು ಮಾಡಿದರೆ ನೋಡುವವರಿಗೆ ಅಷ್ಟೇನೂ ಕಸಿವಿಸಿಯಾಗುವುದಿಲ್ಲ. ಇವರು ಹೊಕ್ಕಿದ್ದು ಗದೆ, ಗರ್ಜನೆ, ಅಹಂಕಾರಗಳ ಕೋಟೆಗೆ. ಮೀಸೆ ತಿರುವುವುದು, ಕಾಲು ಅಗಲಿಸಿ ನಿಲ್ಲುವುದು, ಮಾತಿನ ಕೊನೆಯನ್ನು ಒತ್ತಿ ಹೇಳುವುದು, ಇವೆಲ್ಲ ಕಲಿತು ಮಾಡಬಹುದಾದ ಕಸುಬು ಎಂಬುದು ಇದರಿಂದ ಜನರ ಕಣ್ಣೆದುರೇ ರುಜುವಾಯಿತು. ಅವರಿಗೆ 2012ರಲ್ಲಿ ಪದ್ಮಶ್ರೀ ಸಿಕ್ಕಿತು, ಅದೇ ವರ್ಷ ತೀರಿಕೊಂಡರು.

ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಈ ಸಾಲನ್ನು ಮುಂದುವರಿಸಿದರು. ‘ಸದಾರಮೆ’ಯಲ್ಲಿ ಅಜ್ಜನಿಗೆ ಹೆಸರು ತಂದುಕೊಟ್ಟ ಕಳ್ಳನ ಪಾತ್ರವನ್ನು ಮೊಮ್ಮಗಳೇ ಮಾಡಿದರು. ಆ ನಾಟಕದ ನಾಯಕಿಯೂ ಒಂದು ಹಂತದಲ್ಲಿ ಗಂಡುವೇಷ ತೊಟ್ಟೇ ಪಾರಾಗುವವಳು. ನೋಡಿದವರು ಹೆಣ್ಣು ಗಂಡಾದದ್ದನ್ನು ಮರೆತು ಕಳ್ಳನ ಚಾಲಾಕಿಗೆ ನಕ್ಕರು.

ಪರದೆ ಇಳಿದ ಮೇಲೆ

ರಂಗದ ಮೇಲೆ ಚಪ್ಪಾಳೆ ಗಿಟ್ಟಿಸುವ ಅದೇ ಗುರುತುಗಳು ಬೀದಿಗೆ ಬಂದರೆ ಏನಾಗುತ್ತದೆ? ಬ್ರಿಟಿಷ್ ಸರ್ಕಾರದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಎರಡನೆಯ ಭಾಗ ಹಿಜಡಾ ಸಮುದಾಯದವರ ಹೆಸರುಗಳನ್ನು ಪೊಲೀಸ್ ಪಟ್ಟಿಯಲ್ಲಿ ಬರೆಸಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಸಾರ್ವಜನಿಕವಾಗಿ ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ ಎರಡು ವರ್ಷದವರೆಗೆ ಸಜೆ. ಕೆಲವೇ ದಶಕಗಳ ನಂತರ ಬಾಲಗಂಧರ್ವರಿಗೆ ಟಿಕೆಟ್ ಕೊಂಡು ಜನ ಮುಗಿಬಿದ್ದರು. ಸೀರೆ, ಕುಣಿತ, ಹಾಡು ಎರಡೂ ಕಡೆ ಇದ್ದವು. ಬೇರೆಯಾದದ್ದು ಅನುಮತಿ.

ಇದು ವಸಾಹತು ಕಾಲದ ಹಳೆಯ ಕಥೆ ಎಂದು ಬದಿಗಿಡುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಕಲಂ ಸೇರಿತು. ಅದೂ ಈ ಸಮುದಾಯದವರ ಹೆಸರು, ವಿಳಾಸಗಳ ಪಟ್ಟಿ ಇಡಲು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಸಮುದಾಯವನ್ನು ಹೆಸರಿಸುವ ಪದವನ್ನು ಅಲ್ಲಿಂದ ತೆಗೆಯಲಾಯಿತು. ಲಿಂಗ ಯಾವುದೆಂದು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ್ದು 2014ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಮೊಕದ್ದಮೆಯ ತೀರ್ಪಿನಲ್ಲಿ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬದುಕು ಅನುಮಾನದ ಕಾಲ, ಮನ್ನಣೆಯ ಕಾಲ ಎರಡನ್ನೂ ದಾಟಿ ಬಂದದ್ದು. ಗಂಡುಮಗುವೆಂದು ಹೆಸರಿಟ್ಟ ಮನೆಯವರೇ ಮುಂದೆ ಅವರನ್ನು ಸೀರೆಯುಟ್ಟು ದೇವಿಯ ಸೇವೆ ಮಾಡುವ ಜೋಗಪ್ಪನಾಗಿ ಬಿಟ್ಟರು. ಹೊಟ್ಟೆಪಾಡಿಗೆ ಭಿಕ್ಷೆಯಿತ್ತು. ಕಾಳವ್ವ ಜೋಗತಿಯವರಿಂದ ಕಲಿತ ಜೋಗತಿ ನೃತ್ಯ ಅವರನ್ನು ಎತ್ತಿ ನಿಲ್ಲಿಸಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ. ಸೀರೆಯುಟ್ಟದ್ದಕ್ಕೆ ಬೈಸಿಕೊಂಡವರು ಪ್ರಶಸ್ತಿ ಪಡೆಯುವಾಗ ಸೀರೆಯ ಸೆರಗಿನಿಂದಲೇ ರಾಷ್ಟ್ರಪತಿಗೆ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು.

ಕಸುವಿನ ಮೇಲೆ ಅನುಮಾನ

ಹೆಣ್ಣುಬಣ್ಣಕ್ಕೆ ಇಂದಿನ ಅವತಾರವೂ ಇದೆ, ಅದು ಕ್ರೀಡಾಂಗಣದಲ್ಲಿ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗಪರೀಕ್ಷೆಯ ನೆಪದಲ್ಲಿ ಪದಕ ಕಿತ್ತುಕೊಳ್ಳಲಾಯಿತು. ಒಡಿಶಾದ ದ್ಯುತಿ ಚಂದ್ ಅವರನ್ನು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಕೈಬಿಟ್ಟದ್ದು ಮೈಯಲ್ಲಿ ಸಹಜವಾಗಿ ಹೆಚ್ಚಿದ್ದ ಹಾರ್ಮೋನಿನ ಕಾರಣಕ್ಕೆ. ದ್ಯುತಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ಕದ ತಟ್ಟಿದರು. 2015ರಲ್ಲಿ ಆ ನಿಯಮಕ್ಕೆ ತಡೆ ಬಿತ್ತು, ಅವರು ಮತ್ತೆ ಓಡಿದರು. ಗಂಡು ಓಟಗಾರನ ದೇಹದಲ್ಲಿ ಅಪರೂಪದ ಅನುಕೂಲವಿದ್ದರೆ ಅದು ದೈವದತ್ತ ಪ್ರತಿಭೆ. ಹೆಣ್ಣಿನ ದೇಹದಲ್ಲಿದ್ದರೆ ಮೊದಲು ಕೇಳುವುದು, ‘ಇವಳು ಹೆಣ್ಣೇ?’

ಗಂಡಾಗಿ ಹುಟ್ಟಿದವರಿಗೆಲ್ಲ ಗಂಡಸುತನದ ಪರವಾನಗಿ ತಾನಾಗಿ ಸಿಗುತ್ತದೆ ಎಂದುಕೊಂಡರೂ ತಪ್ಪು. 2017ರಲ್ಲಿ ಗುಜರಾತಿನ ಗಾಂಧಿನಗರದ ಬಳಿಯ ಲಿಂಬೋದರಾದಲ್ಲಿ ಮೀಸೆ ಬಿಟ್ಟರೆಂದು ದಲಿತ ಯುವಕರ ಮೇಲೆ ಹಲ್ಲೆಯಾಯಿತು. ಪ್ರತಿಭಟನೆಯಾಗಿ ಅನೇಕ ದಲಿತ ತರುಣರು ತಮ್ಮ ಮೀಸೆಯ ಚಿತ್ರಗಳನ್ನೇ ಮೊಬೈಲಿನಲ್ಲಿ ಹಂಚಿದರು. ಮದುವೆ ಮೆರವಣಿಗೆಯಲ್ಲಿ ಕುದುರೆ ಹತ್ತಿದ ದಲಿತ ವರನನ್ನು ಇಳಿಸಿದ ಸುದ್ದಿಗಳೂ ಉತ್ತರ ಭಾರತದಿಂದ ಬರುತ್ತಲೇ ಇರುತ್ತವೆ. ಮೀಸೆ, ಕುದುರೆ, ಎತ್ತಿದ ತಲೆ, ಇವು ಗಂಡಸುತನದ ಗುರುತುಗಳೆಂದು ಕಲಿಸುವ ಸಮಾಜವೇ ಅವನ್ನು ಕೆಲವರಿಗೆ ನಿಷೇಧಿಸುತ್ತದೆ. ನಾಗರತ್ನಮ್ಮನ ಕಂಸನಿಗೆ ಮೀಸೆ ಒಪ್ಪಿದ ಊರುಗಳಲ್ಲೂ ಎಲ್ಲ ಕೇರಿಯ ಗಂಡಸರಿಗೂ ಮೀಸೆ ತಿರುವುವ ಧೈರ್ಯವಿತ್ತೆಂದು ಹೇಳುವುದು ಕಷ್ಟ.

ಉಳಿದಿರುವ ಕೆಲಸ

ಚೌಕಿಯಲ್ಲಿ ಈಗ ಬದಲಾವಣೆ ಕಾಣುತ್ತಿದೆ. ಲೀಲಾವತಿ ಬೈಪಾಡಿತ್ತಾಯರು ಗಂಡಸರ ಮೇಳಗಳ ನಡುವೆ ಭಾಗವತಿಕೆ ಮಾಡಿ ದಾರಿ ತೋರಿದ ಮೇಲೆ ಕರಾವಳಿಯಲ್ಲಿ ಮಹಿಳಾ ತಂಡಗಳು ಹುಟ್ಟಿಕೊಂಡಿವೆ. ಶಾಲೆಗಳ ಯಕ್ಷಶಿಕ್ಷಣದಲ್ಲಿ ಹುಡುಗಿಯರು ಪುಂಡುವೇಷಕ್ಕೂ ಬಣ್ಣದ ವೇಷಕ್ಕೂ ಹೆಜ್ಜೆ ಕಲಿಯುತ್ತಿದ್ದಾರೆ. ಮಗಳು ಮಹಿಷಾಸುರನಾಗಿ ಅಬ್ಬರಿಸಿದರೆ ತಂದೆತಾಯಿ ಹೆಮ್ಮೆಯಿಂದ ಫೋಟೊ ಹಂಚುತ್ತಾರೆ. ಮಗ ದಾಕ್ಷಾಯಿಣಿಯಾಗಿ ಚೆನ್ನಾಗಿ ಅತ್ತರೆ ಅಷ್ಟೇ ಸಲೀಸಾಗಿ ಹಂಚುತ್ತಾರೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಗಂಡಿನ ಕಡೆಗೆ ಹತ್ತುವುದು ಬಡ್ತಿ, ಹೆಣ್ಣಿನ ಕಡೆಗೆ ಸರಿಯುವುದು ಹಿಂಬಡ್ತಿ ಎಂಬ ಲೆಕ್ಕ ಮನೆಗಳಲ್ಲಿ ಇನ್ನೂ ಅಳಿದಿಲ್ಲ.

ಇಲ್ಲಿ ವಿಶ್ವವಿದ್ಯಾಲಯಗಳಿಗೂ ಅಕಾಡೆಮಿಗಳಿಗೂ ಮಾಡಲು ಸ್ಪಷ್ಟವಾದ ಕೆಲಸವಿದೆ. ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡುಪಾತ್ರ ಮಾಡಿದ ನಟಿಯರ, ಮೇಳಗಳಲ್ಲಿ ಬಾಳಿಡೀ ಸ್ತ್ರೀವೇಷ ಕಟ್ಟಿದ ಕಲಾವಿದರ ಮಾತುಗಳನ್ನು ಅವರಿರುವಾಗಲೇ ಧ್ವನಿಮುದ್ರಿಸಿಕೊಳ್ಳಬೇಕು. ಹೆಜ್ಜೆ, ಬಣ್ಣಗಳ ವಿವರದ ಜೊತೆಗೆ, ವೇಷ ಕಳಚಿ ಬಸ್ ಹತ್ತಿದಾಗ, ಮದುವೆಯ ಮಾತುಕತೆಗೆ ಕೂತಾಗ, ಮಕ್ಕಳನ್ನು ಶಾಲೆಗೆ ಸೇರಿಸಿದಾಗ ಊರು ಅವರನ್ನು ಹೇಗೆ ಕಂಡಿತು ಎಂಬುದನ್ನೂ ಕೇಳಿ ಬರೆದಿಡಬೇಕು.